ನಾಗನಾಥ ಉಸ್ತಾದ್ ಕಲಿಸಿದ್ದು

ಹುಮನಾಬಾದಿನ ಹಳೇ ಬಸ್ ಸ್ಟ್ಯಾಂಡಿನ ಎದುರು ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ ನಾಗನಾಥನ ಕೈ ಬಲು ಜೋರು. ಕೆಲಸದಲ್ಲೂ ಜೋರು, ಹೊಡೆಯುವುದರಲ್ಲೂ ಜೋರು. ಅವನ ಅಂಗಡಿಯಲ್ಲಿ ಆರು ತಿಂಗಳು ನಿಂತ ಹುಡುಗ ಒಬ್ಬನೂ ಇರಲಿಲ್ಲ. ಒಬ್ಬನ ಕಿವಿ ಹರಿದಿತ್ತು, ಇನ್ನೊಬ್ಬ ಮುಂದಿನ ಹಲ್ಲು ಅಲ್ಲೇ ಬಿಟ್ಟು ತನ್ನೂರು ನಿರ್ಣಾಕ್ಕೆ ಓಡಿಹೋಗಿದ್ದ. ಯಾರಾದರೂ ಕೇಳಿದರೆ ನಾಗನಾಥ ಎದೆ ಉಬ್ಬಿಸಿ, "ಅಬ್ದುಲ್ ಕರೀಂ ಉಸ್ತಾದ್ ನನಗ ಹೊಡದೇ ಕಲಿಸಿದ್ರು. ನಾ ಏನ್ ಸತ್ತೇನೇನು?" ಎನ್ನುತ್ತಿದ್ದ. ಸತ್ತಿರಲಿಲ್ಲ, ನಿಜ. ಬಲಗಿವಿ ಮಾತ್ರ ಸರಿಯಾಗಿ ಕೇಳುತ್ತಿರಲಿಲ್ಲ.

ತೊಂಬತ್ತೇಳನೇ ಇಸವಿಯ ದೀಪಾವಳಿ ಮುಗಿದ ವಾರ ನಾರಾಯಣಪುರದಿಂದ ಕಮಳಾಬಾಯಿ ಎಂಬ ಕೂಲಿ ಹೆಂಗಸು ತನ್ನ ಹದಿನೇಳರ ಮಗ ಕಪಿಲನನ್ನು ಕರೆದುಕೊಂಡು ಬಂದಳು. ಊರ ಹೊರಗಿನ ಓಣಿಯವರು. ಅಂಗಡಿಯ ಮೆಟ್ಟಿಲು ಹತ್ತದೆ ಕೆಳಗೇ ನಿಂತಳು.

"ಹತ್ತನೇತ್ತಾ ಪಾಸ್ ಆಗ್ಯಾನ್ರಿ. ಹೊಲದ ಕೂಲಿ ನನಗೇ ಸಾಕಾಗೇದ, ಇವಗ ಬ್ಯಾಡ. ನಿಮ್ಮ ಕೈಯಾಗಿನ ಕೆಲಸ ಕಲಿಸ್ರಿ."

"ಹೊಡೀತೀನಿ ನೋಡವ್ವ. ಮೊದಲೇ ಹೇಳಾಕತ್ತೇನಿ."

ಕಮಳಾಬಾಯಿ ಮಗನ ಮುಖ ನೋಡಿದಳು. ಆಮೇಲೆ, "ಹೊಡೀರಿ. ಆದ್ರ ಕಲಿಸ್ರಿ. ಕಲಿಸದೇ ಕಳಿಸಬ್ಯಾಡ್ರಿ" ಎಂದಳು.

ಮೊದಲ ದಿನವೇ ಕಪಿಲ ಗೋಡೆಯಿಂದ ಇಳಿದ ವೈರನ್ನು ಬೆರಳ ತುದಿಯಿಂದ ಮುಟ್ಟಲು ಹೋದ. ನಾಗನಾಥನ ಕೈ ಹಿಂಬದಿಯಿಂದ ಬೀಸಿ ಬಂದು ಕೆನ್ನೆಗೆ ಬಿತ್ತು. ಹುಡುಗ ಸ್ಟೂಲಿನ ಸಮೇತ ಉರುಳಿದ.

"ಇದು ಯಾವ ಕೈ?" ನಾಗನಾಥ ತನ್ನ ಕೈಯ ಹಿಂಬದಿ ತೋರಿಸಿದ. "ಉಲ್ಟಾ ಕೈ. ವೈರ್ ಮುಟ್ಟೋದು ಇದರಿಂದಾ. ಅಂಗೈಲೇ ಹಿಡದ್ರ ಕರೆಂಟ್ ಮುಷ್ಟಿ ಕಟ್ಟಸ್ತದ, ಬಿಡಂಗಿಲ್ಲ ಮಗನೇ! ಸಾಯೂತನಕಾ ಹಿಡ್ಕೊಂಡೇ ಇರ್ತಿ."

ಅಂದಿನಿಂದ ಉಲ್ಟಾ ಕೈ ದಿನಕ್ಕೆ ಎರಡು ಸಲವಾದರೂ ಬೀಳುತ್ತಿತ್ತು. ಅಂಗಡಿ ರಸ್ತೆಗೆ ತೆರೆದದ್ದು, ಇಡೀ ಬಜಾರು ನೋಡುತ್ತಿತ್ತು. "ಏನ್ ಉಸ್ತಾದ್, ಬುದ್ಧಿ ಕಲಿಸಾಕತ್ತೀರೇನು?" ಎಂದು ಚಹಾದವನು ನಗುತ್ತಿದ್ದ. "ಹೌದಪ್ಪ, ಬುದ್ಧಿ ಕಲಿಸಾಕತ್ತೇನಿ" ಎಂದು ನಾಗನಾಥನೂ ನಗುತ್ತಿದ್ದ. ಹುಡುಗ ಮಾತ್ರ ತುಟಿ ಒರೆಸಿಕೊಂಡು ಸುಟ್ಟ ಮೋಟಾರಿಗೆ ಹೊಸ ತಂತಿಯ ಕಾಯಿಲು ಸುತ್ತುತ್ತಿದ್ದ. ಎಂಥ ಕೈ ಅದು! ಉದ್ದನೆಯ ಸಪೂರ ಬೆರಳು, ಕೂದಲೆಳೆಯಂಥ ತಾಮ್ರ ಒಂದೂ ತುಂಡಾಗುತ್ತಿರಲಿಲ್ಲ. ನಾಗನಾಥ ಒಳಗೊಳಗೇ ಹಿಗ್ಗುತ್ತಿದ್ದ. ಬಾಯಿಬಿಟ್ಟು ಹೇಳಿದರೆ ಉಸ್ತಾದಿಕೆ ಎಲ್ಲಿ ಉಳೀತು?

ಒಂದು ದಿನ ಅವನು ಟೇಬಲ್ಲಿನ ಕಾಲನ್ನು ಗಟ್ಟಿಯಾಗಿ ಹಿಡಿದು, "ತಿಳಕೋ, ನನಗ ಕರೆಂಟ್ ಹಿಡದದ. ಏನ್ ಮಾಡ್ತಿ?" ಎಂದ. ಕಪಿಲ ಓಡಿಬಂದು ಅವನ ಭುಜ ಎಳೆದ. ಬಿತ್ತು ಏಟು.

"ಸತ್ತಿ! ನನ್ನ ಕೂಡ ನೀನೂ ಸತ್ತಿ! ಹಿಡದವನ್ನ ಮುಟ್ಟಬಾರದು. ಒಣಾ ಬಡಿಗಿ ತೊಗೊ, ಕೈಮ್ಯಾಲ ಹೊಡಿ."

ಕಪಿಲ ಬಡಿಗೆಯಿಂದ ಮೆಲ್ಲಗೆ ತಟ್ಟಿದ. ಇನ್ನೊಂದು ಬಿತ್ತು.

"ಮಜಾಕ್ ಮಾಡ್ತಿಯೇನಲೇ? ಅಪ್ಪ ಇರಲಿ, ಉಸ್ತಾದ್ ಇರಲಿ, ಎಲುಬು ಮುರದ್ರೂ ಮುರೀಲಿ. ಬಿಡೂತನಕಾ ಹೊಡೀಬೇಕು!"

ಆಗ ಕಪಿಲ ಹೊಡೆದ. ಮೊಣಕೈ ಕೆಳಗೆ ಹಸಿರುಗಟ್ಟಿ ವಾರವಿಡೀ ನೋಯುವಂತೆ ಹೊಡೆದ. ನಾಗನಾಥ ಕೈ ಉಜ್ಜಿಕೊಳ್ಳುತ್ತ ನಕ್ಕು, ಮೊದಲ ಬಾರಿಗೆ ಅವನಿಗೆ ತನ್ನ ಕಾಸಿನಲ್ಲಿ ಚಹಾ ಕುಡಿಸಿದ.

ಏಪ್ರಿಲ್‌ನಲ್ಲಿ ಬಸವಕಲ್ಯಾಣದ ಕೋಟೆ ರಸ್ತೆಯ ಗಿರಣಿಯ ಮೋಟಾರು ಸುಟ್ಟಿತು. ಗಿರಣಿ ಶರಣಕುಮಾರನದು. ಸುತ್ತಿ ಮುಗಿಸಿದ ಮೋಟಾರನ್ನು ಬಸ್ಸಿನಲ್ಲಿ ತಂದು, ಸಾಗವಾನಿ ಬಡಿಗೆಗೆ ತೂಗುಹಾಕಿ, ಉಸ್ತಾದ್ ಮುಂದೆ ಚೇಲಾ ಹಿಂದೆ ಹೊತ್ತುಕೊಂಡು ಹೋದರು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕರೆಂಟು ಇರುವುದಿಲ್ಲ. ಅಷ್ಟರೊಳಗೆ ಕೂರಿಸಬೇಕು. ಜೋಳದ ಡಬ್ಬಿ ಹಿಡಿದ ಹೆಂಗಸರು ಆಗಲೇ ಸಾಲಾಗಿ ಕುಳಿತಿದ್ದರು.

ನಾಗನಾಥ ಮೇನ್ ಸ್ವಿಚ್ಚಿನಿಂದ ಇಳಿದ ವೈರಿನ ತುದಿ ಸುಲಿಯತೊಡಗಿದ. ಕಪಿಲ ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ, "ಉಸ್ತಾದ್, ಫ್ಯೂಜ್ ತಗದ ಇಡಲೇನ್ರಿ?" ಎಂದ.

"ನಾಕಕ್ಕ ಬರ್ತದ ಕರೆಂಟು. ಈಗಿನ್ನೂ ಮೂರು."

"ಆದ್ರೂ ಒಮ್ಮೊಮ್ಮೆ ಮೊದಲೇ..."

ಸಾಲಿನಲ್ಲಿದ್ದ ಮುನ್ನಿ ಬೀ ಎಂಬ ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ಅರೇ ವಾಹ್, ಚೇಲಾನೇ ಉಸ್ತಾದ್‌ಗ ಕಲಿಸಾಕತ್ತಾನ!"

ಹೆಂಗಸರೆಲ್ಲ ನಕ್ಕರು. ನಾಗನಾಥನಿಗೆ ನೆತ್ತಿಗೇರಿತು. "ನನಗ ಕಲಿಸ್ತಿಯೇನಲೇ?" ಎಂದವನೇ ಉಲ್ಟಾ ಕೈ ಬೀಸಿದ. ಕಪಿಲನ ತುಟಿ ಒಡೆದು ಅಂಗಿಯ ಮೇಲೆ ರಕ್ತ ಸೋರಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶರಣಕುಮಾರ ಒಳಕೋಣೆಗೆ ಹೋದ.

ಸಿಟ್ಟಿನಲ್ಲಿದ್ದ ಮನುಷ್ಯ. ಸುಲಿದ ವೈರನ್ನು ಅಂಗೈ ತುಂಬ ಹಿಡಿದು ಎಳೆದ. ಆಗಲೇ ಗಿರಣಿಯ ಬಲ್ಬು ಹತ್ತಿಕೊಂಡಿತು.

ಕರೆಂಟು ಹಿಡಿದವನು ಕೂಗುವುದಿಲ್ಲ, ಸಾಲಿನ ಹೆಂಗಸರಿಗೆ ಏನೂ ತಿಳಿಯಲಿಲ್ಲ. ದವಡೆ ಕಚ್ಚಿತು, ಎದೆ ಬಿಗಿಯಿತು, ಕೈ ಅವನದಲ್ಲವಾಯಿತು. ಕಣ್ಣು ಮಾತ್ರ ನೋಡುತ್ತಿತ್ತು. ಕಪಿಲ ಬಡಿಗೆ ಎತ್ತಿಕೊಂಡದ್ದು ಕಂಡಿತು. ತುಟಿಯಿಂದ ಇನ್ನೂ ರಕ್ತ ಸೋರುತ್ತಿದ್ದದ್ದೂ ಕಂಡಿತು. ಹೊಡೆಯಲಿಕ್ಕಿಲ್ಲ ಇವನು, ಅನ್ನಿಸಿತು ನಾಗನಾಥನಿಗೆ. ಯಾಕೆ ಹೊಡೆದಾನು? ನಾನು ಸತ್ತರೆ ಇವನಿಗೇನು ನಷ್ಟ?

ಕಪಿಲ ಹೊಡೆದ. ಮೊದಲ ಏಟಿಗೆ ಮುಷ್ಟಿ ಬಿಡಲಿಲ್ಲ. ಎರಡನೆಯದಕ್ಕೆ ಎಲುಬು ಲಟಕ್ಕೆಂದಿತು. ಮೂರನೆಯದಕ್ಕೆ ನಾಗನಾಥ ಮೋಟಾರಿನ ಪಕ್ಕಕ್ಕೆ ಬಿದ್ದ. ವೈರಿನ ಬರಿಯ ತುದಿ ಅವನ ಮುಖದ ಮೇಲೆ ಒಂದು ಗೇಣು ಎತ್ತರದಲ್ಲಿ ತೂಗಾಡುತ್ತಿತ್ತು. ಅದನ್ನು ಆಚೆ ತಳ್ಳಲು ಕಪಿಲ ಮತ್ತೆ ಬಡಿಗೆ ಎತ್ತಿದ.

ಗದ್ದಲ ಕೇಳಿ ಒಳಕೋಣೆಯಿಂದ ಓಡಿಬಂದ ಶರಣಕುಮಾರ ನೋಡಿದ್ದು ಅದನ್ನೇ. ಬಿದ್ದ ಉಸ್ತಾದ್, ತಲೆಯ ಮೇಲೆ ಎತ್ತಿದ ಬಡಿಗೆ.

"ಏ! ಏಟು ತಿಂದ ಸಿಟ್ಟಿಗಿ ಉಸ್ತಾದ್‌ಗ ಕೊಲ್ಲಾಕತ್ತಾನ, ಹಿಡೀರಿ!"

ಗಿರಣಿಯ ಚೀಲ ಹೊರುವ ಇಬ್ಬರು ಹಮಾಲರು ಹುಡುಗನ ಕೂದಲು ಹಿಡಿದು ಕೆಡವಿದರು. ರಸ್ತೆಯಲ್ಲಿದ್ದವರೂ ನುಗ್ಗಿದರು. ಒಬ್ಬ ಹೊಟ್ಟೆಗೆ ಒದ್ದ, ಇನ್ನೊಬ್ಬ ಮುಖದ ಮೇಲೆ ಕಾಲಿಟ್ಟ. "ನಾರಾಯಣಪುರದ ಕೂಲಿ ಕಮಳಾಬಾಯಿ ಮಗ ಅಲ್ಲೇನು ಇಂವಾ?" ಎಂದು ಯಾರೋ ಗುರುತು ಹಿಡಿದರು. "ಊರ ಹೊರಗಿನಾಂವಾ, ಅನ್ನಾ ಹಾಕಿದವರ ಮ್ಯಾಲೇ ಕೈ ಎತ್ತತಿ?" ಎಂದ ಒಬ್ಬ. ಅವನಿಗೆ ಅನ್ನವೂ ಗೊತ್ತಿಲ್ಲ, ಉಸ್ತಾದನೂ ಗೊತ್ತಿಲ್ಲ, ಸುಮ್ಮನೆ ಹೊಡೆಯುವುದಕ್ಕೆ ಬಂದವನು. ಕಪಿಲ ತನಗಾಗಿ ಒಂದು ಸಲವೂ ಬೇಡಿಕೊಳ್ಳಲಿಲ್ಲ. "ಫ್ಯೂಜ್! ಫ್ಯೂಜ್ ತೆಗೀರಿ! ಉಸ್ತಾದ್ ಮ್ಯಾಲ ವೈರ್ ಅದ!" ಎಂದು ಒಂದೇ ಸಮ ಚೀರುತ್ತಿದ್ದ. ಬಾಯಿ ತುಂಬ ರಕ್ತ. ಯಾರಿಗೂ ತಿಳಿಯಲಿಲ್ಲ.

ನಾಗನಾಥನಿಗೆ ತಿಳಿಯಿತು. ಎಲ್ಲ ಕೇಳುತ್ತಿತ್ತು. ಅಯ್ಯೋ ಶಿವನೇ, ನನ್ನ ಜೀವ ಉಳಿಸಿದವನನ್ನು ಕೊಲ್ಲುತ್ತಿದ್ದಾರಲ್ಲ! ಒಂದೇ ಒಂದು ಮಾತು ಆಡಬೇಕು. ಅವನು ಹೊಡೆದದ್ದು ನಾ ಕಲಿಸಿದ್ದು, ಅಷ್ಟೇ. ನಾಲಿಗೆ ಮರದ ತುಂಡಾಗಿತ್ತು. ಗಂಟಲಿನಿಂದ ಎಳೆದೆಳೆದು ತೆಗೆದ. "ಕಲ್... ಕಲಿಸ್... ಕಲಿಸ್..."

ಶರಣಕುಮಾರ ಬಗ್ಗಿ ಕಿವಿಗೊಟ್ಟ. ಎದ್ದು ನಿಂತು ಕೂಗಿದ. "ಕೇಳಿದ್ರೇನು? ಉಸ್ತಾದ್‌ರೇ ಅನ್ನಾಕತ್ತಾರ, ಬುದ್ಧಿ ಕಲಿಸ್ರಿ ಅಂತ!"

ಸಾಗವಾನಿ ಬಡಿಗೆ ಈಗ ಅವನ ಕೈಗೆ ಬಂತು. ಹಮಾಲರು ಕಪಿಲನ ಬಲಗೈಯನ್ನು ಗಿರಣಿಯ ಕಲ್ಲಿನ ಕಟ್ಟೆಯ ಮೇಲೆ ಚಾಚಿ ಹಿಡಿದರು. "ಇದೇ ಕೈಲೇ ಹೊಡದಿ ಅಲ್ಲ?" ಒಂದು. ಎರಡು. ಆ ಉದ್ದನೆಯ ಸಪೂರ ಬೆರಳುಗಳು ಮುರಿಯುವ ಸಪ್ಪಳ ನಾಗನಾಥನ ಕೆಟ್ಟ ಕಿವಿಗೂ ಕೇಳಿಸಿತು.

ಹೇಗೆ ತೆವಳಿದನೋ. ಮುರಿದ ಕೈ ಎಳೆದುಕೊಂಡು ಜನರ ಕಾಲಿನ ನಡುವೆ ನುಗ್ಗಿ ಹುಡುಗನ ಮೇಲೆ ಬಿದ್ದ. ಮೂರನೆಯ ಏಟು ಅವನ ಬೆನ್ನಿಗೆ ಬಿತ್ತು. ಆ ಏಟಿಗೇ ಬಾಯಿ ಬಿಚ್ಚಿತು.

"ನಾ ಕಲಿಸಿದ್ದಲೇ! ನಾನೇ ಕಲಿಸಿದ್ದು! ಕರೆಂಟ್ ಹಿಡದಿತ್ತು ನನಗ! ಹೊಡದು ಬಿಡಿಸ್ಯಾನ!"

ಎಲ್ಲರೂ ತಲೆಯೆತ್ತಿ ಉರಿಯುವ ಬಲ್ಬನ್ನು ನೋಡಿದರು, ತೂಗಾಡುವ ವೈರನ್ನು ನೋಡಿದರು. ಮುನ್ನಿ ಬೀ ಎದ್ದು ಹೋಗಿ ಮೇನ್ ಕೆಳಗೆಳೆದಳು. ಶರಣಕುಮಾರ ಬಡಿಗೆಯನ್ನು ಗೋಡೆಗೆ ಆನಿಸಿಟ್ಟು, "ನಮಗ ಹ್ಯಾಂಗ ಗೊತ್ತಾಗಬೇಕ್ರಿ ಉಸ್ತಾದ್? ನೀವೇ ಈಗ ಅವಗ ಹೊಡದಿದ್ರಿ" ಎಂದ.

ಮರುದಿನ ದವಾಖಾನೆಯಲ್ಲಿ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡ ನಾಗನಾಥ ಕಪಿಲನ ಮಂಚದ ಬಳಿ ಬಂದು ಕುಳಿತ. ಹುಡುಗನ ಬಲಗೈಯ ಎರಡು ಬೆರಳು ತೆಗೆದಿದ್ದರು, ಉಳಿದವು ಮಡಚುವುದಿಲ್ಲ ಎಂದಿದ್ದರು. ಇನ್ನು ಆ ಕೈ ತಾಮ್ರ ಸುತ್ತುವುದಿಲ್ಲ. ಕಾಲ ಬದಿಗೆ ಕಮಳಾಬಾಯಿ ಕುಳಿತಿದ್ದಳು.

"ಕಲಿಸಿದ್ರೇನ್ರಿ?" ಎಂದು ಕೇಳಿ ಮುಖ ತಿರುಗಿಸಿದಳು.

ನಾಗನಾಥನ ಕಣ್ಣಲ್ಲಿ ನೀರು ಬಂತು. ಹುಡುಗನ ಮೈ ಕೆಂಡವಾಗಿರುವುದು ಕುಳಿತಲ್ಲಿಗೇ ಗೊತ್ತಾಗುತ್ತಿತ್ತು. ಜ್ವರ ನೋಡಲು ಎಡಗೈ ಎತ್ತಿದ, ಹಿಂಬದಿಯನ್ನು ಮುಂದೆ ಮಾಡಿ.

ಕಪಿಲ ಆ ಕೈ ನೋಡಿದ. ತುಟಿ ಬಿಗಿಹಿಡಿದು, ಕಣ್ಣು ಮುಚ್ಚಿ, ಕೆನ್ನೆಯನ್ನು ಅದರ ಕಡೆಗೆ ತಿರುಗಿಸಿ ಕಾಯುತ್ತ ಮಲಗಿದ.