ಪೆರಿಕೋನ್ ಕಟ್ಟಿದ ಕದ

ನಿಕಾಂದ್ರೊನ ಬಾಯಿ ಊರಿಗೆಲ್ಲ ಬಾಡಿಗೆ ಮನೆ. ಪಾದ್ರಿಯ ಮೂಗುದನಿ, ಮೇಷ್ಟ್ರ ಗದರಿಕೆ, ಪಕ್ಕದ ಮನೆಯ ಡಾನ್ ಫಿಲೊಗೊನಿಯೊನ ಗೊಗ್ಗರು ಕೆಮ್ಮು, ಎಲ್ಲ ಅಲ್ಲಿ ಹಾಯಾಗಿ ಇದ್ದವು. ಮನೆ ಯಜಮಾನ, ಅವನ ಸ್ವಂತ ದನಿ, ಮಾತ್ರ ಅಪರೂಪಕ್ಕೆ ಬಾಗಿಲಿಗೆ ಬರುತ್ತಿದ್ದ.

ಅಂದು ಸಂತ ಮಿಗೆಲನ ಹಬ್ಬದ ಮುನ್ನಾದಿನ. ಆ ಸಂಜೆ ಸೈತಾನನಿಗೆ ಬಿಡುಗಡೆ. ಜೋಳದ ಹೊಲಗಳಲ್ಲಿ ಕುಣಿಯುತ್ತಾನೆ, ಕದ ತಟ್ಟುತ್ತಾನೆ, ಕರೆದಾಗ 'ಹೂಂ' ಎಂದವರನ್ನು ಒಯ್ಯುತ್ತಾನೆ. ಮೊರೇಲೊಸ್ ಸೀಮೆಯ ಜನಕ್ಕೆ ಅವನಿಗೇನು ಮದ್ದೆಂದು ಗೊತ್ತು: ಪೆರಿಕೋನ್. ಮಳೆ ಕೈಕೊಟ್ಟರೂ ಕಲ್ಲುಗುಡ್ಡದಲ್ಲಿ ಹಳದಿಯಾಗಿ ನಗುವ, ಸೋಂಪಿನ ಘಮದ ಹೂವು. ಅದನ್ನು ಶಿಲುಬೆಯಾಗಿ ಕಟ್ಟಿ ಹೊಲದ ಮೂಲೆಗಳಿಗೂ ಕದಕ್ಕೂ ಸಿಕ್ಕಿಸಿದರೆ ಅವನು ದಾಟಲಾರ, ಮುಟ್ಟಿದರೆ ಬೆರಳು ಸುಟ್ಟುಹೋಗುತ್ತದೆ.

ಹೊಲದ ಪಾಲು ನಿಕಾಂದ್ರೊನದು, ಕದದ ಪಾಲು ತಾಯಿ ಎಪಿಫಾನಿಯಾಳದು. ಮೂಲೆಗಳಿಗೆಲ್ಲ ಕಟ್ಟಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಪಾದ್ರಿಯ ದನಿಯಲ್ಲಿ ಆಶೀರ್ವಾದ ಹಂಚಿ, ಅವನು ಮನೆ ಮುಟ್ಟುವ ಹೊತ್ತಿಗೆ ಮುಸ್ಸಂಜೆ. ಕದ ಮುಚ್ಚಿತ್ತು. ಮೊಳೆಗೆ ಹಳದಿ ಶಿಲುಬೆ ನೇತಾಡುತ್ತಿತ್ತು.

"ಅಮ್ಮಾ, ಕದ ತೆಗಿ."

"ಯಾರದು?"

"ಇನ್ಯಾರು? ನಿಕಾಂದ್ರೊ."

ಒಳಗೆ ನಗು. "ನನ್ನ ನಿಕಾಂದ್ರೊ ಆಗಲೇ ಬಂದು ನನ್ನೆದುರಿಗೆ ಕೂತು ತೆನೆ ತಿಂತಿದಾನೆ. ಡಾನ್ ಫಿಲೊಗೊನಿಯೊ, ಈ ವಯಸ್ಸಲ್ಲಿ ನಿಮಗ್ಯಾಕ್ರೀ ಅಣಕದ ಚಟ?"

"ಅಮ್ಮಾ, ತಮಾಷೆ ಅಲ್ಲ!"

ಆಗ ಇನ್ನೊಂದು ದನಿ ಕೇಳಿತು. ಅವನದೇ ದನಿ.

"ಬಿಡಮ್ಮಾ. ಪಾಪ, ನನ್ನ ದನಿ ಚೆನ್ನಾಗೇ ಹಿಡಿದಿದಾನೆ. ಕೊನೆಯಲ್ಲಿ ಸ್ವಲ್ಪ ನಡುಗುತ್ತೆ, ಅಷ್ಟೆ."

ನಿಕಾಂದ್ರೊ ಮೊಳೆಯ ಮೇಲಿನ ಶಿಲುಬೆಯನ್ನು ನೋಡಿದ. ಅಮ್ಮ ಶಿಲುಬೆ ಕಟ್ಟಿದ್ದು ಆ ಸೈತಾನ ಒಳಗೆ ಹೋದ ಮೇಲೆ! ಹೊರಗಿನದನ್ನು ತಡೆಯುವ ಹೂವು ಈಗ ಒಳಗಿನದನ್ನೂ ಹೊರಬಿಡದು. ಕಾವಲೇ ಬೀಗವಾಗಿತ್ತು, ಬೀಗದೊಳಗೆ ಅಮ್ಮ, ಅದರ ಜೊತೆ.

"ಯಾಕೋ ಮಗಾ," ಒಳಗೆ ಅಮ್ಮನ ದನಿ ತಗ್ಗಿತು, "ಕೈ ಇಷ್ಟು ತಣ್ಣಗಿದೆ?"

"ದೀಪ ಆರಿಸಲಾ, ಅಮ್ಮಾ?"

ನಿಕಾಂದ್ರೊ ಶಿಲುಬೆಯನ್ನು ಕಿತ್ತ.

ಕದ ತಾನಾಗಿ ತೆರೆಯಿತು. ಸುಟ್ಟ ಜೋಳದ ನಾತದ ಗಾಳಿಯೊಂದು ಅವನನ್ನು ಸವರಿಕೊಂಡು ಹೋಯಿತು. ಹೋಗುವಾಗ ಗಂಟಲಿಗೆ ತಣ್ಣನೆಯ ಎರಡು ಬೆರಳು ಇಳಿಸಿ ಏನನ್ನೋ ಹೆಕ್ಕಿಕೊಂಡಂತಾಯಿತು. ಹೊಲಕ್ಕೆ ಮೂಲೆಗಳ ಕಾವಲಿತ್ತು. ಅದು ಬೀದಿ ಹಿಡಿಯಿತು.

ಅಮ್ಮ ಒಲೆಯ ಕೊಳ್ಳಿ ಹಿಡಿದು ಹೊಸ್ತಿಲಿಗೆ ಬಂದಳು. "ನನ್ನ ಮಗ ಎಲ್ಲಿ?"

"ನಾನೇ ಅಮ್ಮಾ" ಎಂದ. ಬಂದದ್ದು ಫಿಲೊಗೊನಿಯೊನ ಗೊಗ್ಗರು. ಬೆಚ್ಚಿ ಮತ್ತೆ ಬಾಯಿ ತೆರೆದ: ಪಾದ್ರಿ. ಮತ್ತೆ: ಮೇಷ್ಟ್ರು. ಬಾಡಿಗೆಯವರೆಲ್ಲ ಇದ್ದರು, ಯಜಮಾನ ಒಬ್ಬ ಇರಲಿಲ್ಲ.

"ಅಮ್ಮಾ, ಇಲ್ಲಿದೀನಿ, ಬಾರೇ!" ಬೀದಿಯ ತಿರುವಿನಿಂದ ಅವನ ದನಿ ಕರೆಯಿತು.

ಅಮ್ಮ ಆ ಕಡೆ ಒಂದು ಹೆಜ್ಜೆ ಇಟ್ಟಳು. ಮಾತಿಗೆ ದಾರಿಯಿಲ್ಲದೆ ಅವನು ಅಡ್ಡ ನಿಂತು ಶಿಲುಬೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡ. ಹೂವು ಜಜ್ಜಿ ಸೋಂಪಿನ ಘಮ ಎದ್ದಿತು. ಅಮ್ಮ ಕೊಳ್ಳಿ ಎತ್ತಿ ಅವನ ಬೆರಳುಗಳನ್ನು ನೋಡಿದಳು. ಒಂದೂ ಸುಟ್ಟಿರಲಿಲ್ಲ. ಬೀದಿಯ ಕಡೆ ನೋಡಿದಳು.

"ಒಳಗೆ ನಡಿಯೋ, ಕತ್ತೆ," ಎಂದು ಕಿವಿ ಹಿಂಡಿ ಎಳೆದುಕೊಂಡಳು. ಜಜ್ಜಿದ ಶಿಲುಬೆ ಮತ್ತೆ ಮೊಳೆಗೇರಿತು, ಕದಕ್ಕೆ ಅಗುಳಿ ಬಿತ್ತು.

ಇಬ್ಬರೂ ಒಲೆಯ ಮುಂದೆ ಕೂತರು. ಅವನು ಏನೋ ಹೇಳಲು ಹೋದ. ತೀರಿಹೋದ ಅಪ್ಪನ ದನಿ ಬಂತು. ಅಮ್ಮನ ಕಣ್ಣು ತುಂಬಿ ಬಂತು. "ಬೇಡ ಕಣೋ," ಅಂದಳು. "ಸುಮ್ಮನಿರು."

ಹೊರಗಿನ ದನಿ ಹತ್ತಿರವಾಯಿತು. ಕದಕ್ಕೆ ಬಾಯಿ ಹಚ್ಚಿದಂತೆ, ಮೆಲ್ಲಗೆ, ಅವನು ಚಿಕ್ಕಂದಿನಲ್ಲಿ ಜ್ವರ ಬಂದಾಗ ಕರೆಯುತ್ತಿದ್ದ ಹಾಗೆ:

"ಅಮ್ಮಾ?"

ಇಷ್ಟು ವರ್ಷದ ಅಭ್ಯಾಸ. 'ಹೂಂ' ಎನ್ನಲು ಅವಳ ತುಟಿ ತೆರೆಯಿತು. ನಿಕಾಂದ್ರೊ ಹೂವಿನ ರಸ ಮೆತ್ತಿದ ಅಂಗೈಯಿಂದ ಅದನ್ನು ಮುಚ್ಚಿದ.