ಒದೆಯದೆ ಬಿಟ್ಟ ಚೆಂಡು

ಶನಿವಾರ ಬೆಳಿಗ್ಗೆ ಥೆಲ್ಮಾಳ ಹೋಟೆಲಿನಲ್ಲಿ ತನ್ನ ಮೇಜಿಗೆ ಸೇರುವ ಆರು ಗಂಡಸರಲ್ಲಿ ಒಬ್ಬನಿಗೂ, ಚೆಂಡು ಕೈಲಿ ಹಿಡಿದು ನುಗ್ಗುವ ಅಮೆರಿಕದ ಆ ಫುಟ್‌ಬಾಲ್ ಗೊತ್ತಿಲ್ಲ ಎಂಬುದು ಆರಿನ್ ಪೆಟಿಗ್ರೂನ ಖಚಿತ ಅಭಿಪ್ರಾಯ. ಟೆಕ್ಸಸ್ಸಿನ ಆ ಸಣ್ಣ ಊರಿನ ಶಾಲಾ ಪಂದ್ಯಗಳಲ್ಲಿ ಮೂವತ್ತೊಂದು ವರ್ಷ ಗೆರೆಯ ಪಕ್ಕ ಚೆಂಡು ಎಷ್ಟು ಗಜ ಸಾಗಿತೆಂದು ಅಳೆಯುವ ಸರಪಳಿ ಹಿಡಿದು ನಿಂತವನು ಅವನು. ಇವರೋ, ಮೇಲೆ ಗ್ಯಾಲರಿಯಲ್ಲಿ ಕೂತು ಪಾಪ್‌ಕಾರ್ನ್ ಮೆದ್ದವರು.

ಮಾತೆಲ್ಲ ನಿನ್ನೆ ಸಂಜೆಯ ಸೋಲಿನದೇ. ತಂಡ ಎರಡು ಪಾಯಿಂಟ್ ಹಿಂದಿತ್ತು, ನಲವತ್ತು ಸೆಕೆಂಡ್ ಬಾಕಿ, ಕೊನೆಯ ಯತ್ನ. ಚೆಂಡನ್ನು ಕಂಬಗಳ ನಡುವೆ ಒದ್ದಿದ್ದರೆ ಮೂರು ಪಾಯಿಂಟ್, ಗೆಲುವು. ಕೋಚ್ ಸ್ಟೆಡ್ಮನ್ ಒದೆಸಲಿಲ್ಲ. ಚೆಂಡು ತಮ್ಮಲ್ಲೇ ಉಳಿಯಲು ಬೇಕಿದ್ದ ಎರಡು ಗಜ ನುಗ್ಗಿಸಲು ಹೋದ. ಓಡಿದ ಹುಡುಗ ಅರ್ಧ ಗಜ ಬಾಕಿ ಇರುವಾಗಲೇ ಮಣ್ಣು ಮುಕ್ಕಿದ.

"ತಲೇಲಿ ಏನು ತುಂಬ್ಕೊಂಡಿದಾನೋ ಆ ಮನುಷ್ಯ!" ಟ್ರಾಕ್ಟರ್ ಮಾರುವ ಕ್ಲೋವಿಸ್ ಹಾಬರ್ಮನ್ ಮೇಜು ಗುದ್ದಿದ. "ತಂಡದಲ್ಲಿ ಒದೆಯೋ ಕೆಲ್ಸ ನನ್ನ ಮಗ ವೇಡ್‌ದು. ಕಣ್ಮುಚ್ಕೊಂಡು ಒದ್ದಿರ್ತಿದ್ದ ಅದನ್ನ."

ಮಿಕ್ಕ ಐವರು ತಲೆಯಾಡಿಸಿದರು. ಓದುವ ಕಾಲಕ್ಕೆ ಕ್ಲೋವಿಸ್ ಕೂಡ ತಂಡದಲ್ಲಿದ್ದವನೇ. ವರ್ಷವಿಡೀ ಆಡಲು ಇಳಿಯದೆ ಬೆಂಚು ಬೆಚ್ಚಗಿಟ್ಟಿದ್ದಷ್ಟೇ ಅವನ ಸಾಧನೆ. ಆರಿನ್‌ಗೆ ಅದು ನೆನಪಿತ್ತು.

ನಿನ್ನೆ ಮೂರು ಹೆಜ್ಜೆ ದೂರದಲ್ಲಿ ನಿಂತು ಕೇಳಿಸಿಕೊಂಡದ್ದೂ ನೆನಪಿತ್ತು. ವೇಡ್ ಮುಖ ಬಿಳಿಚಿಕೊಂಡು ಕೋಚ್ ಬಳಿ ಬಂದಿದ್ದ. "ಆಗಲ್ಲ ಕೋಚ್. ಕಾಲು ನಡುಗ್ತಿದೆ. ನನ್ನ ಕಳಿಸ್ಬೇಡಿ." ಸ್ಟೆಡ್ಮನ್ ಅವನ ಹೆಗಲು ಹಿಡಿದು, "ಆಯ್ತು ಬಿಡು ಮಗ. ಇದು ನಮ್ಮಿಬ್ಬರಲ್ಲೇ ಇರ್ಲಿ" ಎಂದಿದ್ದ.

ಅಷ್ಟರಲ್ಲಿ ಸ್ಟೆಡ್ಮನ್ನನೇ ಹೋಟೆಲಿಗೆ ಬಂದ.

"ಬನ್ನಿ ಕೋಚ್ ಸಾಹೇಬ್ರೇ! ನಿದ್ದೆ ಚೆನ್ನಾಗಿ ಬಂತಾ?" ಎಂದ ಕ್ಲೋವಿಸ್.

"ಇಲ್ಲ."

"ಒದೆಸ್ಬೇಕಿತ್ತು ಅಂತ ಈಗಲಾದ್ರೂ ಅನ್ನಿಸ್ತಾ?"

"ನಿರ್ಧಾರ ನನ್ನದು ಕ್ಲೋವಿಸ್. ತಪ್ಪಾಯ್ತು ಅಂತಲೇ ಇಟ್ಕೊಳ್ಳಿ."

ಕಾಫಿ ಹಿಡಿದು ಅವನು ಹೊರಟ. ಬಾಗಿಲು ಮುಚ್ಚುವ ಮೊದಲೇ ಇವರು ನಕ್ಕರು. ಕ್ಲೋವಿಸ್ ಜೇಬಿನಿಂದ ಕಾಗದ ತೆಗೆದ. ಕೋಚನ್ನು ಕಿತ್ತುಹಾಕಿ ಎಂದು ಶಾಲಾ ಮಂಡಳಿಗೆ ಅರ್ಜಿ. ಐವರೂ ಓದದೆಯೇ ಗೀಚಿದರು. ಕಾಗದ ಆರಿನ್ ಮುಂದೆ ಬಂತು.

ಹುಡುಗನ ಗುಟ್ಟನ್ನು ಈ ಹಂದಿಗಳ ಮುಂದೆ ಚೆಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಸುಮ್ಮನಿರಲೂ ಆಗಲಿಲ್ಲ.

"ಮನೆಗೆ ಒಯ್ದು ವೇಡ್‌ಗೆ ತೋರ್ಸು," ಎಂದ. "ಅವನು ಸಹಿ ಹಾಕಿದ್ರೆ ನಾನೂ ಹಾಕ್ತೀನಿ."

"ಅವನಾ? ಎರಡು ಸಲ ಹಾಕ್ತಾನೆ!"

ವೇಡ್ ಹಾಕಲಿಲ್ಲ. ಅದನ್ನು ಓದಿ, ಅಪ್ಪನಿಗೆ ನಡೆದದ್ದೆಲ್ಲ ಹೇಳಿ, ಅಲ್ಲೇ ಹರಿದುಹಾಕಿದನಂತೆ. ಕ್ಲೋವಿಸನ ಹೆಂಡತಿಯೇ ಇದನ್ನು ಥೆಲ್ಮಾಳಿಗೆ ಹೇಳಿದ್ದಳು, ಥೆಲ್ಮಾ ಆರಿನ್‌ಗೆ.

ಮುಂದಿನ ಶನಿವಾರ ಆರಿನ್ ಬೇಗನೇ ಬಂದು ಕೂತ. ಕೋಚನ ಬಗ್ಗೆ ಒಂದಾದರೂ ಒಳ್ಳೆಯ ಮಾತು ಕ್ಲೋವಿಸನ ಬಾಯಿಂದ ಬಿದ್ದೀತೆಂದು ಕಾದ.

"ಅರ್ಜಿ ಏನಾಯ್ತೋ?" ಎಂದು ಯಾರೋ ಕೇಳಿದರು.

"ಪುರುಸೊತ್ತಾಗ್ಲಿಲ್ಲ," ಎಂದು ಕ್ಲೋವಿಸ್ ಮೊಟ್ಟೆಯ ತಟ್ಟೆಗೆ ಮುಖ ತಗ್ಗಿಸಿದ. ತಿಂದು ಬಾಯಿ ಒರೆಸಿಕೊಂಡವನೇ ಮೇಜು ಗುದ್ದಿದ. "ಅದಿರ್ಲಿ, ಆ ಬ್ಯಾಸ್ಕೆಟ್‌ಬಾಲ್ ಕೋಚ್ ಇದಾನಲ್ಲ, ಅವನಂಥ ದಡ್ಡ ಇನ್ನೊಬ್ಬನಿಲ್ಲ!"

ಐವರೂ ತಲೆಯಾಡಿಸಿದರು. ಆರಿನ್ ತನ್ನ ಕಾಫಿಯನ್ನೆತ್ತಿಕೊಂಡು ಎದ್ದು, ಕಿಟಕಿಯ ಬಳಿಯ ಒಂಟಿ ಮೇಜಿಗೆ ಹೋಗಿ ಅವರಿಗೆ ಬೆನ್ನು ಹಾಕಿ ಕೂತ.