ಉಸಿರು ತೆಗೆದ ದನಿ

ಸಾವಿರ ಹೆಜ್ಜೆಗೊಮ್ಮೆ ಸತ್ತ ತಮ್ಮ ಕೂಗುತ್ತಿದ್ದ. "ಲೆಟ್ಸ್ ಗೋ" ಎನ್ನುತ್ತಿದ್ದ, "ದಟ್ಸ್ ಫೈರ್" ಎನ್ನುತ್ತಿದ್ದ, ಒಮ್ಮೊಮ್ಮೆ "ಐ ಆಮ್ ಸೋ ಸ್ಟೋಕ್ಡ್" ಎಂದು ಸೂರು ಹಾರಿಹೋಗುವ ಹಾಗೆ ಅರಚುತ್ತಿದ್ದ. ಅಪ್ಪ ನಿಂತಲ್ಲೇ ನಿಂತು, ಅಂಗಿಯ ಜೇಬಿನಲ್ಲಿದ್ದ ಫೋನಿನ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡು, ಮತ್ತೆ ನಡೆಯುತ್ತಿದ್ದರು. ಹಜಾರದ ಈ ಗೋಡೆಯಿಂದ ಆ ಗೋಡೆಗೆ ಹನ್ನೊಂದು ಹೆಜ್ಜೆ. ಮೂವತ್ತು ವರ್ಷ ಬಸ್ಸು ಓಡಿಸಿ ಮಂಡಿ ಸವೆಸಿಕೊಂಡ ಮನುಷ್ಯ. ನಡಿಗೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಡಾಕ್ಟರಿಗೇನು, ಹೇಳಿಬಿಡುತ್ತಾರೆ. ಕೂತರೆ ಮಗ ಮಾತಾಡುವುದಿಲ್ಲವಲ್ಲ.

ಆ ದನಿಯನ್ನು ಫೋನಿಗೆ ಸೇರಿಸಿದವಳು ಅಕ್ಕ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ದನಿ ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಹೆಜ್ಜೆ ಎಣಿಸುವ ಆ್ಯಪ್‌ನವರು ಹುಡುಗರ ಭಾಷೆಯಲ್ಲಿ ಹುರಿದುಂಬಿಸುವ ನಲವತ್ತು ಇಂಗ್ಲಿಷ್ ಕೂಗುಗಳನ್ನು ಪಟ್ಟಿ ಮಾಡಿ ಕಳಿಸಿದ್ದರು, ಪಕ್ಕದಲ್ಲಿ ಅರ್ಥವನ್ನೂ ಬರೆದಿದ್ದರು. ನಲವತ್ತರ ಮುಂದೆಯೂ ಹೆಚ್ಚುಕಡಿಮೆ ಒಂದೇ ಅರ್ಥ: ತುಂಬಾ ಖುಷಿಯಾಗಿದೆ. ಹೀಗೆ ಮಾತಾಡುವವನನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಮನೆಯಲ್ಲೇ ಇದ್ದ. ಇಪ್ಪತ್ತು ವರ್ಷದ ತಮ್ಮನಿಗೆ ಮನೆಯವರಿಟ್ಟ ಹೆಸರೇ ರೇಡಿಯೋ. ಸ್ನಾನದ ನೀರು ಬಿಸಿಯಾಗಿದ್ದರೆ "ಲಿಟ್", ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ "ಲೆಟ್ಸ್ ಗೋ".

"ಖುಷಿ ಆಯ್ತು ಅನ್ನೋಕೆ ನಲವತ್ತು ಮಾತು ಯಾಕೋ? ನಾವೆಲ್ಲ ಒಂದರಲ್ಲೇ ಜೀವನ ಕಳೆದ್ವಿ" ಎಂದಿದ್ದರು ಅಪ್ಪ.

"ಅದಕ್ಕೇ ಅಪ್ಪ, ನಿಮ್ಮ ಮುಖ ಹಿಂಗಿರೋದು" ಎಂದಿದ್ದ ರೇಡಿಯೋ.

ರೆಕಾರ್ಡಿಂಗ್ ಆಗಿ ಏಳು ವಾರಕ್ಕೆ ಅವನು ಹೋಗಿಬಿಟ್ಟ. ಎದೆಯಲ್ಲಿ ನೀರು ತುಂಬಿತ್ತು. ಇನ್ನೊಂದೂವರೆ ತಿಂಗಳು ಮೊದಲೇ ಕರೆತಂದಿದ್ದರೆ ನೋಡಬಹುದಿತ್ತು ಎಂದರು ಆಸ್ಪತ್ರೆಯವರು. ಅಕ್ಕ ಬೆರಳು ಮಡಚಿ ವಾರಗಳನ್ನು ಲೆಕ್ಕ ಹಾಕಿ, ಬಾಯಿ ಮುಚ್ಚಿಕೊಂಡಳು.

ಒಂದು ಸಂಜೆ ಅಪ್ಪ ನಡಿಗೆ ನಿಲ್ಲಿಸಿ ಅವಳ ಮುಂದೆ ಬಂದು ನಿಂತರು. "ಇದ್ರಲ್ಲಿ ಇವನು ಉಸಿರೇ ತಗೊಳ್ಳಲ್ವಲ್ಲ. ಕೂಗೋಕೆ ಮುಂಚೆ ಹಾ ಅಂತ ಎಳ್ಕೋತಿದ್ದ, ನೆನಪಿದ್ಯಾ? ಅದು ಕೇಳಿಸಿದ ತಕ್ಷಣ ನಾನು ಕಿವಿ ಮುಚ್ಕೋತಿದ್ದೆ. ಇದು ಯಾರೋ ಗೋಡೆ ಒಳಗಿಂದ ಕೂಗಿದ ಹಾಗಿದೆ."

"ಉಸಿರನ್ನ ತೆಗೆದುಬಿಡ್ತೀವಪ್ಪ. ನಮ್ಮ ಕೆಲಸವೇ ಅದು."

"ತೆಗೆದು ಎಲ್ಲಿಟ್ಟಿದ್ದೀಯ?"

ಅಡುಗೆಮನೆಯಿಂದ ಅಮ್ಮನೂ ಬಾಗಿಲಿಗೆ ಬಂದು ನಿಂತರು. ಇಲ್ಲ, ಅಳಿಸಿಹೋಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಳಾದ ನಾಲಿಗೆ, "ಹುಡುಕ್ತೀನಿ" ಎಂದುಬಿಟ್ಟಿತು.

ಹುಡುಕುವುದೇನು ಬಂತು, ಮೂಲ ರೆಕಾರ್ಡಿಂಗ್ ಅವಳ ಲ್ಯಾಪ್‌ಟಾಪಿನಲ್ಲೇ ಇತ್ತು. ಅಳಿಸಲು ಮನಸ್ಸಿಲ್ಲ, ತೆರೆಯಲು ಧೈರ್ಯವಿಲ್ಲ. ರೆಕಾರ್ಡಿಂಗಿನ ದಿನ ಹೆಡ್‌ಫೋನಿನಲ್ಲಿ ತಮ್ಮನ ಉಸಿರಿನ ತುದಿಗೆ ಕುಯ್ ಎಂಬ ಸಣ್ಣ ಸದ್ದು ಅವಳಿಗೆ ಕೇಳಿಸಿತ್ತು. ಮೈಕಿನ ತಂತಿ ಸರಿಯಿಲ್ಲವೆಂದುಕೊಂಡು ತಂತಿ ಬದಲಿಸಿದಳು. ಸದ್ದು ಹೋಗಲಿಲ್ಲ. ಮತ್ತೇನು ಮಾಡುವುದು, ಕೂತು ಇಪ್ಪತ್ತಾರು ಕಡೆ ನೀಟಾಗಿ ಕತ್ತರಿಸಿ ತೆಗೆದಳು. ಅಷ್ಟು ಚೊಕ್ಕವಾದ ಕೆಲಸ ಅವಳು ಬೇರೆ ಮಾಡಿರಲಿಲ್ಲ. ಈಗ ಯಾರ ದನಿ ಕೇಳಲಿ, ಸೋಪಿನ ಜಾಹೀರಾತಿನವಳದ್ದಾಗಲಿ, ವಾರ್ತೆ ಓದುವವನದ್ದಾಗಲಿ, ಆ ಕುಯ್ ಇದ್ದೇ ಇರುತ್ತಿತ್ತು. ಚೆನ್ನಾಗಿಯೇ ಓದಿದವರನ್ನು ಮತ್ತೆ ಮತ್ತೆ ಓದಿಸಿ ಎಲ್ಲರಿಂದಲೂ ಬೈಸಿಕೊಂಡಳು.

ಮೂರು ದಿನ ಹುಡುಕುತ್ತಿದ್ದೇನೆ ಎಂದು ತಳ್ಳಿದಳು. ಮೂರನೆಯ ದಿನ ಅಪ್ಪನ ಮಂಡಿ ಊದಿ ಗಡಿಗೆಯಾಗಿತ್ತು, ಆದರೂ ನಡೆಯುತ್ತಲೇ ಇದ್ದರು. ಅವಳಿಗೆ ತಡೆಯಲಾಗಲಿಲ್ಲ. ಅಮ್ಮ ಒಣಗಿದ ಬಟ್ಟೆ ತರಲು ಮಹಡಿ ಹತ್ತಿದ್ದೇ ತಡ, ಅಪ್ಪನನ್ನು ಕೂರಿಸಿ ಲ್ಯಾಪ್‌ಟಾಪ್ ತೆರೆದಳು. ಗೊತ್ತಾದರೆ ಗೊತ್ತಾಗಲಿ, ಮುಖ ನೋಡದಿದ್ದರೂ ಸರಿ, ಅಪ್ಪನಿಗೆ ಮಗನ ಉಸಿರು ಸಿಗಲಿ.

ಹಾ. ಅಪ್ಪನ ಮುಖ ಅರಳಿತು. ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ಆಮೇಲೆ ಕುಯ್. ಇನ್ನೊಮ್ಮೆ ಕುಯ್. ಕೈ ಅಲ್ಲೇ ನಿಂತಿತು.

"ಅಕ್ಕಾ, ಒಂದ್ನಿಮಿಷ. ಎದೆ ಹಿಡ್ಕೊಂಡ ಹಾಗಾಗ್ತಿದೆ."

ಮುಂದಿನದು ಅಕ್ಕನದೇ ದನಿ, ನಗುತ್ತಿತ್ತು. "ನಾಟಕ ಆಡ್ಬೇಡ. ಸತ್ತೋನ ಥರ ಹೇಳ್ತಿದ್ದೀಯ, ದನೀಲಿ ಸ್ವಲ್ಪ ಜೀವ ಇರ್ಲಿ. ಹೂಂ, ಇನ್ನೊಂದ್ಸಲ."

ಉದ್ದನೆಯ ಉಸಿರು. ಕುಯ್. "ಐ ಆಮ್ ಸೋ ಸ್ಟೋಕ್ಡ್!"

ಅಪ್ಪ ದಿನವೂ ಕಾದು ಕೇಳುತ್ತಿದ್ದ ಕೂಗು ಅದೇ.

ಬೈಯಲಿ, ಎರಡೇಟು ಹೊಡೆಯಲಿ ಎಂದು ಕಾದಳು. ಅಪ್ಪ ಇನ್ನೊಮ್ಮೆ ಹಾಕು ಎನ್ನಲಿಲ್ಲ. ಮೆಟ್ಟಿಲ ಮೇಲೆ ಅಮ್ಮನ ಕಾಲ ಸಪ್ಪಳ ಕೇಳಿಸಿದಾಗ ತಾವೇ ಲ್ಯಾಪ್‌ಟಾಪ್ ಮುಚ್ಚಿದರು.

"ಸಿಕ್ತಾ?" ಎಂದರು ಅಮ್ಮ, ತೋಳಿನ ತುಂಬ ಬಟ್ಟೆ ಹೊತ್ತುಕೊಂಡು.

"ಇಲ್ವಂತೆ. ಅಳಿಸಿಹೋಗಿದ್ಯಂತೆ" ಎಂದರು ಅಪ್ಪ, ಮಗಳ ಕಡೆ ನೋಡದೆ.

ಅಮ್ಮ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿ, ಮಗಳ ತಲೆ ಸವರಿದರು. "ಹೋಗ್ಲಿ ಬಿಡು ಕಂದ, ಅದಕ್ಯಾಕೆ ಅಳ್ತೀಯ? ಅದ್ರಲ್ಲಿ ನಿನ್ನ ತಪ್ಪೇನಿದೆ" ಎಂದು ಪಕ್ಕದಲ್ಲೇ ಕೂತು ಬಟ್ಟೆ ಮಡಚತೊಡಗಿದರು.